ಸರ್ಕಲ್ಲಿನಲ್ಲಿ ಸಿಕ್ಕಿಕೊಂಡ ತೊಟ್ಟಿಲು

ಮೊಮ್ಮಗಳಿಗೆ ಹೆಸರಿಡುವ ದಿನ ತೊಟ್ಟಿಲು ಒಯ್ಯುವುದು ನನ್ನ ಪಾಲಿಗೆ ಬಂದಿತ್ತು. ನಮ್ಮ ಮನೆಯ ಗಂಡುಮಕ್ಕಳೆಲ್ಲ ಮಲಗಿದ ತೊಟ್ಟಿಲು ಅದು. ಮಗನಿಗೆ ಹೆಣ್ಣುಕೂಸು ಹುಟ್ಟಿದೆ ಎಂದು ಓಣಿಯವರಿಗೆಲ್ಲ ಎರಡೆರಡು ಸಲ ಹೇಳಿದ್ದೆ. ಬೀಗರ ಮನೆ ಧಾರವಾಡದ ಸಪ್ತಾಪುರದಲ್ಲಿ. ಹನ್ನೆರಡರೊಳಗೆ ಕೂಸನ್ನು ತೊಟ್ಟಿಲಿಗೆ ಹಾಕಬೇಕು, ಆಮೇಲೆ ಗಳಿಗೆ ಚಲೋ ಇಲ್ಲ.

ಖಾಲಿ ತೊಟ್ಟಿಲು ತೂಗಬಾರದು. ಹುಬ್ಬಳ್ಳಿಯಿಂದ ಆಟೋದಲ್ಲಿ ಹೋಗುವಾಗ ಅದು ಅಲುಗಾಡದೆ ಇದ್ದೀತೇ? ಅದಕ್ಕೇ ಗುಂಡಪ್ಪನನ್ನು, ಅಂದರೆ ಶಾಸ್ತ್ರಕ್ಕೆಂದು ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಗುಂಡುಕಲ್ಲನ್ನು, ಕೂಸುಗಳ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ಹೊದಿಸಿ, ಒಳಗಿಟ್ಟುಕೊಂಡು ಹೊರಟೆ.

ದಾರಿಯಲ್ಲೊಂದು ಸರ್ಕಲ್ ಬರುವವರೆಗೆ ಎಲ್ಲ ಸರಿಯಿತ್ತು. ಮೊದಲು ಅಲ್ಲಿ ಸಣ್ಣ ಕಟ್ಟೆಯಿತ್ತು, ಗಾಡಿಗಳು ಸುತ್ತಿ ಹೋಗುತ್ತಿದ್ದವು. ಈಗ ಅದನ್ನು ಹಿಗ್ಗಿಸಿ, ಹುಲ್ಲು ಬೆಳೆಸಿ, ಕಾರಂಜಿ ಇಟ್ಟಿದ್ದಾರೆ. ರಸ್ತೆಗೆ ಜಾಗವೇ ಉಳಿದಿಲ್ಲ. ಹಂಚಿಗಿಂತ ದೊಡ್ಡ ರೊಟ್ಟಿ ಬಡಿದರೆ ಬೇಯುವುದು ಎಲ್ಲಿ, ನೀವೇ ಹೇಳಿ! ಬಸ್ಸೊಂದು ತಿರುಗಲಾರದೆ ಅಡ್ಡ ನಿಂತಿತ್ತು. ಅಷ್ಟು ದೊಡ್ಡ ಸುತ್ತು ಯಾರು ಹಾಕುತ್ತಾರೆಂದು ಬೈಕಿನವರು ಎದುರಿನಿಂದಲೇ ನುಗ್ಗಿದ್ದರು.

"ಲಗೂ ಹೋಗೋ ತಮ್ಮಾ, ಕೂಸು ಕಾಯಾಕತ್ತೈತಿ," ಎಂದೆ.

"ಎಲ್ಲಿ ಹೋಗ್ಲಿ ಅಮ್ಮಾರ? ಕಾರಂಜ್ಯಾಗ ಈಸಿ ಹೋಗ್ಲೇನ್ರಿ?" ಎಂದ ಆಟೋದವನು.

ಮೊದಲೇ ಬೀಗರ ಮನೆಗೆ ಹೋಗಿದ್ದ ಮಗಳ, ಅಂದರೆ ಹೆಸರಿಡಬೇಕಾದ ಸೋದರತ್ತೆಯ, ಫೋನು ಬಂತು. "ಯವ್ವಾ, ಎಲ್ಲಿದ್ದೀ? ಪೂಜಾಕ್ಕ ಬಂದ ಅಯ್ಯನವರು ಗಡಿಯಾರ ನೋಡಾಕತ್ತಾರ!"

ನನಗೆ ಅಳುವೇ ಬಂತು. ಆಗ ಟ್ರಾಫಿಕ್ ಪೊಲೀಸನೊಬ್ಬ ಆಟೋದೊಳಗೆ ಬಗ್ಗಿ ನೋಡಿದ. ಅವನ ಕಣ್ಣಿಗೆ ಬಿದ್ದದ್ದು ಕುಂಚಿಗೆ.

"ಏ, ಹಸುಗೂಸೈತಿ! ದಾರಿ ಬಿಡ್ರಿ!" ಎಂದು ಸೀಟಿ ಊದಿದ.

"ಅದು ಕೂಸಲ್ಲಪ್ಪಾ, ಕಲ್ಲು," ಎಂದು ಕೂಗಿದೆ. ಹಾರ್ನಿನ ಗದ್ದಲದಲ್ಲಿ ಕೇಳುವವರು ಯಾರು? ಅವನು ಬೈಕುಗಳನ್ನು ಬೈದು ಸರಿಸಿ, ಬಸ್ಸನ್ನು ಹಿಂದಕ್ಕೆ ತಳ್ಳಿಸಿದ. ಬಸ್ಸಿನ ಡ್ರೈವರ್ ಕಿಟಕಿಯಿಂದ ಕೇಳಿದ: "ಅಮ್ಮಾ, ಗಂಡೋ ಹೆಣ್ಣೋ?"

"ಹೆಣ್ಣಪಾ, ಹೆಣ್ಣು!" ಎಂದುಬಿಟ್ಟೆ, ಹಿಗ್ಗಿನಲ್ಲಿ ಕಲ್ಲನ್ನು ಮರೆತು.

ಸಪ್ತಾಪುರ ಮುಟ್ಟಿದಾಗ ಬೀಗತಿ ಬಾಗಿಲಲ್ಲೇ ನಿಂತಿದ್ದರು. "ಬೀಗತ್ಯಾರ, ನಡಕೊಂತ ಬಂದ್ರೇನ್ರಿ?"

"ನಡದಿದ್ರ ಯಾವಾಗೋ ಬರ್ತಿದ್ದೆ. ಮಾತು ಆಮ್ಯಾಲ, ಮೊದಲ ಕೂಸು ತರ್ರಿ!"

ಗಡಿಬಿಡಿಯಲ್ಲಿ ತೊಟ್ಟಿಲು ಕಟ್ಟಿ, ಗುಂಡಪ್ಪನನ್ನು ತೆಗೆದು ಕೂಸನ್ನು ಮಲಗಿಸಿದರು. ಹನ್ನೆರಡಾಗಲು ಇನ್ನೂ ಸ್ವಲ್ಪ ಉಳಿದಿರುವಾಗ ಮಗಳು ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ನಮ್ಮ ಕೂಸು ದೊಡ್ಡದಾಗಿ ಆಕಳಿಸಿತು.