ಅಮ್ಮಿಯ ಉಸಿರಿಗೊಂದು ಊರು

ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ, ಊರುಗಳನ್ನು ಉಪ್ಪಿನಿಂದ ಅಳೆಯುತ್ತಿದ್ದಳು. ಒಂದು ಹಿಡಿ ಕಲ್ಲುಪ್ಪನ್ನು ತೆಳುಬಟ್ಟೆಯಲ್ಲಿ ಕಟ್ಟಿ ಸೂರಿನ ಕೆಳಗೆ ತೂಗುಹಾಕಬೇಕು. ಬೆಳಿಗ್ಗೆ ಬಟ್ಟೆ ಒದ್ದೆಯಾಗಿದ್ದರೆ ಆ ಊರಿನ ಗಾಳಿ ಎದೆಗೆ ಆಗದು. ಒಣಗಿದ್ದರೆ ಧೈರ್ಯವಾಗಿ ಗಂಟುಮೂಟೆ ಹೊತ್ತುಕೊಂಡು ಹೋಗಬಹುದು. ಈ ವಿದ್ಯೆಯನ್ನು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ, ಕೇಳುವ ಎದೆಗಾರಿಕೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಗ ನಾವು ಕೊಡಗಿನ ವಿರಾಜಪೇಟೆಯಲ್ಲಿದ್ದೆವು. ಅಬ್ಬಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ತಾಮ್ರ ಹಿತ್ತಾಳೆಯ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಕಿಸಿ, ಹತ್ತಿಯಿಂದ ಗಿರ್ರನೆ ಉಜ್ಜಿದರೆ ಒಳಗೆಲ್ಲ ಬೆಳ್ಳಿ ಬಳಿದಂತಾಗುತ್ತಿತ್ತು. ಪುಡಿ ಬಿದ್ದ ಕೂಡಲೇ ಬಿಳಿ ಹೊಗೆ ಭುಗ್ಗನೆ ಏಳುತ್ತಿತ್ತು. ಅದು ನನಗೆ ಬಹಳ ಇಷ್ಟ. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಬೀದಿಯಲ್ಲಿ ಕೂರುವಂತಿರಲಿಲ್ಲ. ಆದ್ದರಿಂದ ಮಳೆಗಾಲ ಪೂರ್ತಿ ಕೆಂಡಕ್ಕೆ ಗಾಳಿ ಊದುವ ತಿದಿ, ಕೆಂಡ, ಪಾತ್ರೆಗಳ ರಾಶಿ ಎಲ್ಲವೂ ಮನೆಯ ಜಗಲಿಗೆ ಬರುತ್ತಿದ್ದವು.

ಅದೇ ನಾಲ್ಕು ತಿಂಗಳು ನಮ್ಮ ಅಮ್ಮಿಗೆ ದಮ್ಮು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ, ಮಡಿಲಲ್ಲಿ ದಿಂಬಿಟ್ಟುಕೊಂಡು, ಅದರ ಮೇಲೆ ತಲೆಯಿಟ್ಟು ಕೂತಲ್ಲೇ ನಿದ್ದೆ ಮಾಡುತ್ತಿದ್ದಳು. ಅವಳ ಎದೆಯಿಂದ ಸುಯ್ ಸುಯ್ ಎಂಬ ಸದ್ದು ಬರುತ್ತಿತ್ತು. ತಾಯಂದಿರೆಲ್ಲ ಹಾಗೆಯೇ ನಿದ್ದೆ ಮಾಡುತ್ತಾರೆಂದು ನಾನು ತಿಳಿದಿದ್ದೆ. ಒಂದು ವರ್ಷದ ಮಳೆಯಲ್ಲಿ ಅವಳ ತುಟಿ ನೀಲಿಯಾಯಿತು. ಮದ್ದು ಕೊಡುತ್ತಿದ್ದ ಹಕೀಮರು ಅಬ್ಬಾನನ್ನು ಹೊರಗೆ ಕರೆದು, ಇನ್ನೊಂದು ಮಳೆಗಾಲ ಇವರನ್ನು ಇಲ್ಲಿ ಇಟ್ಟುಕೊಳ್ಳಬೇಡಿ, ಬಯಲುಸೀಮೆಗೆ ಕರೆದುಕೊಂಡು ಹೋಗಿ ಎಂದರು.

ಬಯಲುಸೀಮೆ ಎಂದರೆ ಮೈಸೂರು ಸಂಸ್ಥಾನ. ಆನೆಚೌಕೂರಿನ ಗಡಿ ದಾಟಿದರೆ ಆಯಿತು, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆದರೂ ನಮ್ಮ ಮನೆಯಲ್ಲಿ ಅದು ಹಜ್ ಯಾತ್ರೆಯಷ್ಟು ದೊಡ್ಡ ಮಾತಾಯಿತು. ಇಲ್ಲಿ ಬಿಳಿಯರ ಕಮಿಷನರು, ಅಲ್ಲಿ ಮಹಾರಾಜರು. ಇಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವ ಮನೆಗಳು, ಅಲ್ಲಿ ಕುಡಿಯುವ ನೀರಿನ ರುಚಿಯೂ ಗೊತ್ತಿಲ್ಲ. ಮೈಸೂರಿನ ಸೆಕೆಯಲ್ಲಿ ಮಕ್ಕಳು ಬಾಡಿಹೋಗುತ್ತವೆ ಎಂದರು ಪಕ್ಕದ ಮನೆಯವರು. ಅವರು ಮೈಸೂರನ್ನು ಕಂಡವರೇ ಅಲ್ಲ. ಉಪದೇಶಕ್ಕೆ ಮಾತ್ರ ಬರವಿರಲಿಲ್ಲ.

ಬೇಸಗೆಯಲ್ಲಿ ಅಬ್ಬಾ ಹೇಗೂ ತಿದಿ ಹೊತ್ತುಕೊಂಡು ಆ ಕಡೆಯ ಊರುಗಳಿಗೆ ಹೋಗುವವರೇ. ಆ ಸಲ ದಾದಿ ಅವರ ಚೀಲದೊಳಗೆ ಉಪ್ಪಿನ ಗಂಟನ್ನೂ ಒಂದಿಷ್ಟು ತೊಗರಿಬೇಳೆಯನ್ನೂ ಇಟ್ಟಳು.

ನಮ್ಮ ಮನೆಯ ಉರ್ದುವನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ದಾದಿ ಹೇಳಿದ್ದು ಇಷ್ಟು: "ಇಳಿದ ಕಡೆಯೆಲ್ಲ ಉಪ್ಪು ಕಟ್ಟು. ಆ ಊರಿನ ನೀರಲ್ಲಿ ಬೇಳೆ ಬೇಯಿಸು, ಬೇಯದಿದ್ದರೆ ಎದ್ದು ಬಾ. ಆಮೇಲೆ ಬೀದಿಯಲ್ಲಿ ಆಡುವ ಮಕ್ಕಳ ಹೊಟ್ಟೆ ನೋಡು."

"ಹೆಣ್ಣು ನೋಡೋಕೆ ಹೋಗೋರೂ ಇಷ್ಟು ನೋಡಲ್ಲ ಅಮ್ಮಾ," ಎಂದರು ಅಬ್ಬಾ.

"ಅದಕ್ಕೇ ಕೆಲವು ಮನೆಗಳು ಹಾಳಾಗಿರೋದು," ಎಂದಳು ದಾದಿ.

ಅಬ್ಬಾ ಯುಗಾದಿ ಕಳೆದ ಮೇಲೆ ಬಿಸಿಲಿಗೆ ಕಪ್ಪಾಗಿ, ಖುಷಿಯಾಗಿ ಹಿಂದಿರುಗಿದರು. ಕೈಕಾಲು ತೊಳೆಯುವ ಮೊದಲೇ ವರದಿ ಶುರುವಾಯಿತು. ಪಿರಿಯಾಪಟ್ಟಣದಲ್ಲಿ ಉಪ್ಪು ಒಣಗಿತ್ತು, ಬೇಳೆಯೂ ಬೆಂದಿತ್ತು. ಆದರೆ ಅಲ್ಲಿಂದ ಕೊಡಗಿನ ಬೆಟ್ಟ ಕಾಣುತ್ತದೆ ಎಂದು ಅಬ್ಬಾ ಬಾಯಿತಪ್ಪಿ ಹೇಳಿಬಿಟ್ಟರು. "ಬೆಟ್ಟ ನಮಗೆ ಕಂಡರೆ ಮೋಡಕ್ಕೂ ನಾವು ಕಾಣುತ್ತೇವೆ," ಎಂದು ದಾದಿ ಆ ಊರನ್ನು ಅಲ್ಲಿಗೇ ಕೈಬಿಟ್ಟಳು. ಹುಣಸೂರಿನಲ್ಲಿಯೂ ಉಪ್ಪು ಒಣಗಿತ್ತು. ಗಾಡಿ ಮಾಡುವವರು, ಚರ್ಮ ಹದ ಮಾಡುವವರು, ನಮ್ಮ ಜನ ಅಲ್ಲಿ ಬೇಕಾದಷ್ಟು. ಆದರೆ ಕಲಾಯಿಯವರೂ ಬೇಕಾದಷ್ಟು.

"ಊರು ಅಂದರೆ ಹೆಗ್ಗಡದೇವನಕೋಟೆ!" ಎಂದು ಅಬ್ಬಾ ತೊಡೆ ತಟ್ಟಿದರು. "ಉಪ್ಪು ಅಂದರೆ ಮರಳಿನ ಹಾಗೆ ಉದುರುತ್ತದೆ. ಆ ಊರಿನ ಪಾತ್ರೆಗಳನ್ನು ನೋಡಬೇಕು ನೀವು! ಒಳಗೆಲ್ಲ ಕಿಲುಬು. ಒಬ್ಬ ಕಲಾಯಿಯವನೂ ಇಲ್ಲ. ಇಡೀ ತಾಲ್ಲೂಕು ನಮ್ಮದೇ!"

ಅಬ್ಬಾ ಒಂದು ಊರನ್ನು ನೋಡುವುದೆಂದರೆ ಅದರ ಪಾತ್ರೆಗಳನ್ನು ನೋಡುವುದು. ಪಾತ್ರೆ ಎಷ್ಟು ಕೊಳಕೋ ಊರು ಅಷ್ಟು ಚೆಂದ. ನಾನೂ ಅವರ ಜೊತೆ ಕುಣಿದೆ. ದಾದಿ ಮಾತ್ರ ಮಕ್ಕಳ ಹೊಟ್ಟೆಯ ಸಂಗತಿ ಕೇಳಿದಳು.

"ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಕೈಕಾಲು ಸಣ್ಣ. ಮಣ್ಣು ತಿನ್ನುತ್ತಿರಬೇಕು," ಎಂದರು ಅಬ್ಬಾ, ಧ್ವನಿ ಇಳಿಸಿ.

"ಮಣ್ಣಲ್ಲ, ಅದು ಜ್ವರದ ಗೆಡ್ಡೆ! ಚಳಿಜ್ವರದ ಊರು ಅದು. ಕಲಾಯಿಯವರು ಯಾಕಿಲ್ಲ ಅಂತ ಒಂದು ಸಲವಾದರೂ ಕೇಳಿದೆಯಾ?"

ಕೇಳದೆಯೇ ಒಬ್ಬರು ಹೇಳಿದ್ದರು. ಅಬ್ಬಾ ಅದನ್ನು ನುಂಗಿಕೊಂಡಿದ್ದರು. ದಾದಿಯ ಕಣ್ಣು ತಪ್ಪಿಸಲಾಗದೆ ಈಗ ಅದನ್ನೂ ಹೇಳಿದರು. ಹೆಗ್ಗಡದೇವನಕೋಟೆಯಲ್ಲಿ ಅವರು ಅಮ್ಮಿಯ ಕಾಯಿಲೆಯ ವಿಷಯ ಹೇಳಿ ಒಬ್ಬ ಒಕ್ಕಲಗಿತ್ತಿಯ ಮನೆಯ ಸೂರಿಗೆ ಉಪ್ಪಿನ ಗಂಟು ಕಟ್ಟಿದ್ದರು. ಬೆಳಿಗ್ಗೆ ಅದನ್ನು ಬಿಚ್ಚಿ ನೋಡಿ ಇವರು ಹಿಗ್ಗುತ್ತಿದ್ದಾಗ ಆಕೆ ಸಗಣಿ ಬುಟ್ಟಿ ಕೆಳಗಿಟ್ಟು ನಕ್ಕಳಂತೆ. ಆಕೆಯ ಮಾತನ್ನು ಅಬ್ಬಾ ಆಕೆಯ ಹಾಗೆಯೇ ಆಡಿ ತೋರಿಸಿದರು.

"ಬ್ಯಾಸ್ಗೇಲಿ ಎಲ್ ಕಟ್ಟುದ್ರೂ ಉಪ್ಪು ಒಣುಗ್ದಂಗೇ ಇರ್ತದೆ ಕಣ್ರೀ ಸಾಬ್ರೇ! ಆಸಾಡ್ದಲ್ಲಿ ಬಂದ್ ನೋಡಿ. ಆಗ ಮನೆಮಂದಿಯೆಲ್ಲಾ ಕಂಬ್ಳಿ ಒದ್ಕಂಡು ನಡುಗ್ತಾ ಬಿದ್ದಿರ್ತೀವಿ. ನಮ್ ಪಾತ್ರೆಗೆ ನೀವ್ ಬೇಕು, ನಿಜ. ಅಂಗಂತ ಸುಳ್ ಯೇಳಾಕಾಯ್ತದಾ? ಉಸಾರಿಲ್ದ ಎಂಗಸ್ನ ಇಲ್ಲಿಗ್ ಕರ್ಕಂಡ್ ಬರ್ಬ್ಯಾಡಿ, ಬುಡಿ."

ಎಲ್ಲರ ಕಣ್ಣೂ ಒಳಗಡೆಗೆ ಹೋಯಿತು. ಯಾಕೆಂದರೆ ಆ ಹೊತ್ತಿನಲ್ಲಿ ವಿರಾಜಪೇಟೆಯ ನಮ್ಮ ಅಡುಗೆಮನೆಯ ಉಪ್ಪೂ ಒಣಗಿಯೇ ಇತ್ತು. ಮಳೆಗಾಲಕ್ಕೆ ಊರು ಹುಡುಕಲು ನಾವು ಬೇಸಗೆಯಲ್ಲಿ ಉಪ್ಪು ಕಟ್ಟಿಸಿದ್ದೆವು. ದಾದಿಯ ಮುಖ ನೋಡಲು ಎಲ್ಲರಿಗೂ ಹೆದರಿಕೆ. ಅವಳು ಸೆರಗು ಸರಿಮಾಡಿಕೊಂಡು, "ಬೇಳೆ ಪರೀಕ್ಷೆಯಲ್ಲಿ ಏನೂ ತಪ್ಪಿಲ್ಲವಲ್ಲ," ಎಂದಳು. ನನ್ನ ದಾದಿ ಸೋತಿದ್ದನ್ನು ಎಂದೂ ಒಪ್ಪಿಕೊಂಡವಳಲ್ಲ. ಅದಕ್ಕೇ ಅವಳ ಮೇಲೆ ನನಗೆ ಈಗಲೂ ಅಷ್ಟು ಪ್ರೀತಿ.

ಹಾಗಾದರೆ ಎಲ್ಲಿಗೆ ಹೋಗುವುದು? ಮಳೆ ಶುರುವಾಗಲು ಹೆಚ್ಚು ದಿನ ಉಳಿದಿರಲಿಲ್ಲ. ಅಬ್ಬಾ ಮತ್ತು ದಾದಿ ಮತ್ತೆ ಊರೂರು ಎಣಿಸತೊಡಗಿದರು. ಕೃಷ್ಣರಾಜನಗರದಲ್ಲಿ ಕಾಲುವೆ ನೀರಿನ ತಂಪು, ಮೈಸೂರಿನಲ್ಲಿ ಬಾಡಿಗೆ ಜಾಸ್ತಿ. ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದ ಅಮ್ಮಿ ಮೊರವನ್ನು ಪಕ್ಕಕ್ಕಿಟ್ಟಳು.

"ಉಪ್ಪನ್ನ ಕೇಳಿದಿರಿ, ಬೇಳೆಯನ್ನ ಕೇಳಿದಿರಿ. ನನ್ನನ್ನ ಕೇಳಲಿಲ್ಲ."

ಅಬ್ಬಾ ತಿರುಗಿ ನೋಡಿದರು. "ಸರಿ, ಹೇಳು. ನಿನಗೆ ಎಂಥ ಊರು ಬೇಕು?"

ಅಮ್ಮಿ ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ನೆಲ ನೋಡುತ್ತಲೇ, "ಮಳೆಗಾಲದಲ್ಲೂ ನಿಮ್ಮ ತಿದಿ ಮನೆಯ ಹೊರಗೆ ಇರುವಂಥ ಊರು," ಎಂದಳು. "ತಂಡಿ ಹೇಗೋ ತಡೀತೀನಿ. ಆ ಹೊಗೆ ತಡೆಯೋಕಾಗಲ್ಲ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಕೆಲಸ ನಿಲ್ಲಿಸುತ್ತಿದ್ದಿರಿ. ಆಮೇಲೆ ಇವರೆಲ್ಲ ಏನು ತಿನ್ನಬೇಕಿತ್ತು?"

ಅಬ್ಬಾ ಎದ್ದು ಜಗಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಅವರು ತಿದಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಮೇಲಿನ ತೊಲೆಗಳಿಗೆ ಹೊಗೆಯಿಂದ ಹಿಡಿದಿದ್ದ ಬಿಳಿಯ ಪುಡಿಯನ್ನು ನೋಡುತ್ತಿದ್ದರು. ಅವರು ಅಷ್ಟು ಕುಗ್ಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಳಗೆ ದಾದಿ ಸೊಸೆಯನ್ನು ಬೈಯುತ್ತಿದ್ದಳು. ಬಾಯಿ ಎಲ್ಲಿ ಅಡವಿಟ್ಟಿದ್ದೆ ಎಂದು ಬೈಯುತ್ತಾ ಬೈಯುತ್ತಾ ಅವಳೂ ಅಳತೊಡಗಿದಳು. ಅಮ್ಮಿಯೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಕಲಾಯಿಯವರು ಎಷ್ಟೇ ಇರಲಿ, ಮಳೆಗಾಲದಲ್ಲೂ ಹೊರಗೆ ಒಲೆ ಹೂಡಬಹುದೆಂದು ಮಳೆ ಹಿಡಿಯುವ ಮುಂಚೆ ನಾವು ಹುಣಸೂರು ಸೇರಿದೆವು. ನಮ್ಮ ಬಾಡಿಗೆ ಮನೆಯೆದುರು, ಬೀದಿಯಾಚೆ, ಒಂದು ದಟ್ಟವಾದ ಹೊಂಗೆಮರವಿತ್ತು. ಅದನ್ನು ನೋಡಿಯೇ ಅಬ್ಬಾ ಆ ಮನೆ ಹಿಡಿದದ್ದು. ಮನೆಯೇನೋ ಕೋಳಿಗೂಡಿನಷ್ಟಿತ್ತು, ಮರ ಮಾತ್ರ ಅರಮನೆಯಷ್ಟು. ಅದರ ಕೆಳಗೆ ನಾಲ್ಕು ಗಳ ನೆಟ್ಟು ತಗಡು ಹೊದಿಸಿ ಒಲೆ ಹೂಡಿದರು. ಗಾಳಿ ಯಾವ ಕಡೆ ಬೀಸುತ್ತದೆ ಎಂದು ತಿಳಿಯಲು ಒದ್ದೆ ಹುಲ್ಲು ಸುಟ್ಟು ಹೊಗೆ ಎಬ್ಬಿಸಿ, ಅದು ಮನೆಯತ್ತ ವಾಲಿದಾಗಲೆಲ್ಲ ಒಲೆಯನ್ನು ಇನ್ನಷ್ಟು ಆಚೆ ಸರಿಸಿದರು. ಕೊನೆಗೆ ಅವರು ಪಕ್ಕದ ಗಾಡಿ ಬಡಗಿಯ ಅಂಗಳದೊಳಗೇ ಹೋಗಿ ಕೂತಿದ್ದರು. "ಇನ್ನೂ ಒಳೀಕ್ ಬರ್ತೀರಾ ಸಾಬ್ರೇ, ಅಡ್ಗೆಮನೆ ತೋರುಸ್ಲಾ?" ಎಂದು ಬಡಗಿ ನಕ್ಕ. ಕೆಲಸ ಮೊದಲಿನಷ್ಟು ಸಿಗಲಿಲ್ಲ. ಬೇಸಗೆಯಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿಗಳಿಗೆ ಹೋಗಿ, ಜ್ವರದ ಕಾಲಕ್ಕೆ ಮೊದಲೇ ಹಿಂದಿರುಗುವುದೆಂದು ಅಬ್ಬಾ ತೀರ್ಮಾನಿಸಿದರು. ಬೇಳೆ ಬೇಯುವುದು ಸ್ವಲ್ಪ ತಡವೇ ಆಗುತ್ತಿತ್ತು. ಅದನ್ನು ದಾದಿ ದಿನವೂ ಹೇಳುತ್ತಿದ್ದಳು.

ಆಷಾಢ ಬಂತು. ಕೊಡಗಿನವರಿಗೆ ಅದು ಮಳೆಯೆನಿಸುವುದೇ ಇಲ್ಲ. ತುಂತುರು, ಜೊತೆಗೆ ಬೀಸುವ ಗಾಳಿ. ಆದರೂ ಅಬ್ಬಾ ಕೆಲಸದ ನಡುವೆ ಆಗಾಗ ಎದ್ದು ಬೀದಿ ದಾಟಿ ಬಂದು ಕಿಟಕಿಗೆ ಕಿವಿಯಿಟ್ಟು ಹೋಗುತ್ತಿದ್ದರು. ಅವರು ಏನು ಕೇಳಿಸಿಕೊಳ್ಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ನಾನು ಆಟ ಮುಗಿಸಿ ಒಳಗೆ ಬಂದೆ. ಅಮ್ಮಿ ಚಾಪೆಯ ಮೇಲೆ ನೀಳವಾಗಿ, ಅಂಗಾತ ಮಲಗಿದ್ದಳು. ದಿಂಬು ದೂರದಲ್ಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಸದ್ದೇ ಇಲ್ಲ. ಮಳೆಗಾಲದಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಮ್ಮಿ ಸತ್ತುಹೋದಳು ಎಂದು ಕಿರುಚಿಕೊಂಡೆ.

ಹಿತ್ತಲಿಂದ ದಾದಿ ಓಡಿ ಬಂದಳು. ಬೀದಿಯಾಚೆಯಿಂದ ಅಬ್ಬಾ ಕೈಯಲ್ಲಿ ಕಾದ ಇಕ್ಕಳ ಹಿಡಿದುಕೊಂಡೇ ಓಡಿ ಬಂದರು. ಅಷ್ಟರಲ್ಲಿ ಅಮ್ಮಿ ಗಾಬರಿಯಿಂದ ಎದ್ದು ಕೂತು, "ಏನೇ ನಿನಗೆ ಬಂದಿರೋದು? ಕಣ್ಣು ಮುಚ್ಚೋಕೂ ಬಿಡಲ್ವಾ?" ಎಂದು ನನ್ನ ಬೆನ್ನಿಗೊಂದು ಕೊಟ್ಟಳು. ಜೋರಾಗಿಯೇ ಕೊಟ್ಟಳು. ನನಗೆ ಅಷ್ಟು ಸಂತೋಷ ಮತ್ತೆ ಯಾವ ಏಟಿನಿಂದಲೂ ಆಗಿಲ್ಲ.

ಅಬ್ಬಾ ಒಳಗೆ ಬರಲಿಲ್ಲ. ಹೊಸ್ತಿಲಿನ ಆಚೆಯೇ ನಿಂತಿದ್ದರು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಳಗೆ ಬಾರೋ, ನೆನೀತಾ ಇದ್ದೀಯ," ಎಂದಳು ದಾದಿ.

"ಬೇಡ ಅಮ್ಮಾ, ಬಟ್ಟೆಯಲ್ಲಿ ಹೊಗೆ ಇದೆ," ಎಂದು ಅವರು ಅಲ್ಲಿಂದಲೇ ಅಮ್ಮಿಯ ಕಡೆ ನೋಡಿದರು. "ನೀನು ಮಲಗು. ಹಾಗೇ ಮಲಗು. ನಾನು ನೋಡಬೇಕು."