ಉಗುಳಿದರೆ ಆತು

ವೇಣಿ, ನಿನ್ನ ಗಂಡ ಸುಬ್ರಾಯನಿಗೆ ಮತ್ತೆ ಕುಡಿತ ಹತ್ತಿಸಿದವನು ನಾನು. ಕೆಟ್ಟ ಸಹವಾಸವಲ್ಲ, ಭಟ್ಕಳದ ಪೇಟೆಯಲ್ಲ, ಅವನ ಹಣೆಬರಹವೂ ಅಲ್ಲ — ನಿನ್ನ ಒಡಹುಟ್ಟಿದ ಅಣ್ಣ. ಅವನು ಬೇಡವೆಂದ. ನಾನು ಗ್ಲಾಸನ್ನು ಅವನ ಕೈಗಿಟ್ಟೆ.

ಇಷ್ಟು ವರ್ಷ ಇದನ್ನು ಹೇಳದೆ ನಿನ್ನ ಮನೆಯ ಊಟ ಉಂಡಿದ್ದೇನೆ.

ಎಲ್ಲಿಂದ ಶುರು ಮಾಡಲಿ — ನನ್ನ ಮೂಗಿನಿಂದಲೇ ಮಾಡಬೇಕು. ಕೊರೋನಾ ಜ್ವರ ಬಂದು ಹೋದ ಮೇಲೆ ನನಗೆ ವಾಸನೆ ತಿಳಿಯುವುದು ನಿಂತಿತ್ತು. ಇವತ್ತಲ್ಲ ನಾಳೆ ಸರಿಯಾಗುತ್ತದೆ ಎಂದು ಕಾದೆ. ಆಗಲಿಲ್ಲ. ನಾನು ಕೆಲಸಕ್ಕಿದ್ದ ಕುಮಟೆಯ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗ್ಯಾಸ್ ಸೋರಿದ್ದು ನನಗೆ ತಿಳಿಯದೆ, ಹುಡುಗರೇ ಓಡಿಬಂದು ಗ್ಯಾಸಿನ ನಲ್ಲಿ ಮುಚ್ಚಿದ ದಿನ ಹೆದರಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಆ ಕೆಲಸ ಬಿಡಲು ದಾರಿ ಹುಡುಕುತ್ತಿದ್ದಾಗಲೇ ಗೋವಾದ ಒಂದು ಸಣ್ಣ ಡಿಸ್ಟಿಲರಿಯವರು ವಿಸ್ಕಿ ಬಟ್ಟಿ ಇಳಿಸುವುದನ್ನು ಕೈಯಾರೆ ಮಾಡಿಸಿ ಕಲಿಸುತ್ತಾರೆ, ಚೆನ್ನಾಗಿ ಕಲಿತವರನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ತಿಳಿಯಿತು. ಶನಿವಾರ, ಭಾನುವಾರದ ಕ್ಲಾಸು. ಇಬ್ಬಿಬ್ಬರ ಜೋಡಿ.

ವಾಸನೆಯೇ ತಿಳಿಯದವನು ಯಾರನ್ನು ಜೋಡಿ ಮಾಡಿಕೊಳ್ಳುತ್ತಾನೆ? ಸುಬ್ರಾಯನಂಥವನನ್ನು. ದುಬೈಯ ಅತ್ತರಿನ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದು ಬಂದು, ಭಟ್ಕಳದ ಅತ್ತರಿನ ಅಂಗಡಿಯಲ್ಲಿ ನಿಂತಿದ್ದ ಸುಬ್ರಾಯ, ಮುಚ್ಚಳ ತೆಗೆದ ಬಾಟಲಿಯನ್ನು ನೋಡದೆಯೇ ಒಳಗಿರುವುದು ಎಂತ ಎಂದು ಹೇಳುವವನು. ಅವನು ಕುಡಿತ ಬಿಟ್ಟದ್ದು, ಮಗಳು ಶ್ರೇಯಾಳ ತಲೆ ಮುಟ್ಟಿ ಆಣೆ ಮಾಡಿದ್ದು ನನಗೆ ಗೊತ್ತಿತ್ತು. ಆ ದಿನ ನಿಮ್ಮ ಕರ್ಕಿಯ ಮನೆಯಲ್ಲಿ ನಾನೂ ಇದ್ದೆನಲ್ಲ.

ಅವನನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳಲು ಬಂದಾಗ ನೀನು ಮೀನು ಹೆಚ್ಚುತ್ತಿದ್ದೆ. ಕತ್ತಿ ನಿಲ್ಲಿಸಿ ಕೇಳಿದೆ: "ಅಣ್ಣ, ಅಲ್ಲಿ ಬಾಯಿಗೆ ಎಂತಾ ಹಾಕುದಿಲ್ಲ ಅಲ್ದಾ?"

"ಇಲ್ಲ ಮಾರಾಯ್ತಿ. ಬರೀ ಮೂಸುದು."

ನನಗೆ ಗೊತ್ತಿತ್ತು, ವೇಣಿ. ರುಚಿ ನೋಡಬೇಕಾಗುತ್ತದೆ ಎಂದು ಅವರು ಮೊದಲೇ ಫೋನಿನಲ್ಲಿ ಹೇಳಿದ್ದರು.

ಮೊದಲ ವಾರಗಳು — ಇದನ್ನು ಹೇಳಲೇ ಸಂಕಟ — ಅವನು ತುಂಬ ಖುಷಿಯಲ್ಲಿದ್ದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿಗೆ ಹಾಕಿ ದೊಡ್ಡ ಮರದ ಹುಟ್ಟಿನಿಂದ ತಿರುವುತ್ತಿದ್ದೆವು. "ಭಾವ, ಹೊಸ ಬೆಲ್ಲದ ವಾಸ್ನೆ ಬಂತು ನೋಡು!" ಎನ್ನುತ್ತಿದ್ದ. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ನನ್ನ ಮೂಗು ಸತ್ತಿದೆ ಎಂಬುದು ಅವನಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿತ್ತೇನೋ. ಎಲ್ಲ ವಾಸನೆಯನ್ನೂ ಬಾಯಿಬಿಟ್ಟು ಹೇಳುತ್ತಿದ್ದನಲ್ಲ.

ಆಮೇಲೆ ತಾಮ್ರದ ಹಂಡೆಗೆ ಬೆಂಕಿ ಹಾಕುವ ದಿನ ಬಂತು. ಬಟ್ಟಿಯಿಂದ ಮೊದಲು ಇಳಿಯುವುದು ಘಾಟು, ಅದನ್ನು ಚೆಲ್ಲಬೇಕು. ಒಳ್ಳೆಯದು ಯಾವ ಕ್ಷಣಕ್ಕೆ ಶುರುವಾಯಿತು ಎಂದು ಹಿಡಿದು ಪಾತ್ರೆ ಬದಲಿಸುವುದೇ ವಿದ್ಯೆ. ಕಲಿಸುವವರು ಸಣ್ಣ ಗ್ಲಾಸುಗಳನ್ನು ಕೊಟ್ಟು, ಮೂಗನ್ನಷ್ಟೇ ನಂಬಬೇಡಿ, ನೀರು ಬೆರೆಸಿ ನಾಲಿಗೆಗೂ ಕೇಳಿ, ಆಮೇಲೆ ಉಗುಳಿ ಎಂದರು. ಸುಬ್ರಾಯ ಗ್ಲಾಸನ್ನು ಮೇಜಿನ ಮೇಲಿಟ್ಟ.

"ಭಾವ, ನಂಗೆ ಬ್ಯಾಡ. ನಿಂಗೆ ಗೊತ್ತುಂಟಲ. ಇದೊಂದು ನೀನೇ ನೋಡು."

ನನ್ನ ನಾಲಿಗೆಗೆ ಉರಿಯೊಂದು ಬಿಟ್ಟು ಏನೂ ತಿಳಿಯುತ್ತಿರಲಿಲ್ಲ. ಹಾಗೆಂದು ಹೇಳಬಹುದಿತ್ತು. ಹೇಳಿದ್ದರೆ ಒಂದು ಕೆಲಸ ಹೋಗುತ್ತಿತ್ತು, ಅಷ್ಟೇ. ನಾನು ಗ್ಲಾಸನ್ನು ತೆಗೆದು ಮತ್ತೆ ಅವನ ಕೈಗೆ ಕೊಟ್ಟು ಅಂದೆ: "ಉಗುಳಿದ್ರೆ ಆತು, ಭಾವ. ಕುಡಿ ಅಂತ ಯಾರು ಹೇಳ್ದ್ರು?"

ಅವನು ನನ್ನನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ, ಉಗುಳಿದ. "ಈಗಲ್ಲ," ಅಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ — ಆಗ ಉಗುಳಲಿಲ್ಲ. ಅದು ಅವನ ಗಂಟಲಲ್ಲಿ ಇಳಿದದ್ದನ್ನು ನಾನು ಕಂಡೆ. ಕಂಡೆ, ವೇಣಿ. "ಈಗ," ಅಂದ. ನಾನು ಪಾತ್ರೆ ಬದಲಿಸಿದೆ. ಕಲಿಸುವವರು ನನ್ನ ಬೆನ್ನು ತಟ್ಟಿದರು.

ವಾಪಸು ಬರುವಾಗ ರೈಲಿನಲ್ಲಿ ಅವನು ಮತ್ತೆ ಮತ್ತೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದ. "ವೇಣಿಗೆ ಹೇಳ್ಬ್ಯಾಡ," ಅಂದ. "ಹೇಳುದಿಲ್ಲ," ಅಂದೆ. ಅವನನ್ನು ಕಾಪಾಡುತ್ತಿದ್ದೇನೆ ಎಂಬಂತೆ ಅಂದೆ — ಮುಂದಿನ ಶನಿವಾರ ಮತ್ತೆ ಕರೆದುಕೊಂಡು ಹೋದೆ. ಅದರ ಮುಂದಿನ ಶನಿವಾರವೂ. ಕೊನೆಕೊನೆಗೆ ಅವನಿಗೆ ಹೇಳಬೇಕಾಗಿಯೇ ಇರಲಿಲ್ಲ. ಗ್ಲಾಸಿಗೆ ಅವನೇ ಕೈ ಚಾಚುತ್ತಿದ್ದ.

ನನಗೆ ಅಲ್ಲಿ ಕೆಲಸ ಸಿಕ್ಕಿತು. ಅವನಿಲ್ಲದೆ ನಾನಿಳಿಸಿದ ಮೊದಲ ಬಟ್ಟಿಯೇ ಕೆಟ್ಟಿತು, ಎರಡನೆಯದೂ ಕೆಟ್ಟಿತು. ಮಳೆಗಾಲ ಮುಗಿಯುವ ಮುಂಚೆ ನನ್ನನ್ನು ಮನೆಗೆ ಕಳಿಸಿದರು. ಯಾವುದಕ್ಕಾಗಿ ಅವನನ್ನು ಕೆಡಿಸಿದೆನೋ ಅದೂ ನನ್ನ ಕೈಯಲ್ಲಿ ಉಳಿಯಲಿಲ್ಲ.

ಅಷ್ಟರಲ್ಲಿ ಅವನು ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದೆ ಕುಡಿಯಲು ಶುರು ಮಾಡಿದ್ದ. ಭಟ್ಕಳದ ಅಂಗಡಿಯ ಸಾಹೇಬರು ಅವನನ್ನು ಕೆಲಸದಿಂದ ಬಿಡಿಸುವ ದಿನ ಕಣ್ಣೊರೆಸಿಕೊಂಡರಂತೆ. "ಸುಬ್ರಾಯ, ನಿಮ್ಮ ಮೂಗು ನಂಗೆ ಬೇಕು. ಆದ್ರೆ ನಿಮ್ಮ ಬಾಯಿ ವಾಸ್ನೆಗೆ ಗಿರಾಕಿ ಹಿಂದೆ ಹೋಗ್ತಾರಲ್ಲ." ಇದನ್ನು ಅವನೇ ನನಗೆ ನಗುತ್ತ ಹೇಳಿದ.

ಮುಂದಿನದೆಲ್ಲ ನಿನಗೆ ಗೊತ್ತು. ಉಬ್ಬಿದ ಹೊಟ್ಟೆ, ಹಳದಿ ಕಣ್ಣು, ಕುಮಟೆಯ ಆಸ್ಪತ್ರೆ. ನಿನಗೆ ಗೊತ್ತಿಲ್ಲದ್ದು ಒಂದೇ. ಅವತ್ತು ನೀನು ಅವನ ಕೈ ತೋರಿಸಿ, "ಅಣ್ಣ, ಮಗಳ ತಲೆ ಮುಟ್ಟಿದ ಕೈ ಇದು. ಹೆಂಗೆ ಮನ್ಸ್ ಬಂತು ಕೇಳು ಇವ್ರಿಗೆ," ಎಂದಾಗ ಅವನು ನಿನ್ನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ — ಕಾಯುವವನ ಹಾಗೆ. ನಾನು ಎಳನೀರು ತರುತ್ತೇನೆಂದು ಹೊರಗೆ ನಡೆದೆ. ಬಾಗಿಲು ದಾಟುವಾಗ ಅವನ ದನಿ ಕೇಳಿತು: "ತಪ್ಪಾತು, ವೇಣಿ." ಅಷ್ಟೇ. ನನ್ನ ಹೆಸರೆತ್ತಲಿಲ್ಲ. ನಿನಗೆ ತವರು ಅಂತ ಉಳಿದವನು ನಾನೊಬ್ಬನೇ ಎಂದು ಸುಮ್ಮನಾದನೋ ಏನೋ. ನಾನು ಕೇಳಲಿಲ್ಲ, ಕೇಳುವ ಧೈರ್ಯ ಬರುವಷ್ಟರಲ್ಲಿ ಅವನು ಹೋಗಿದ್ದ. ನೀನು ಕೊನೆಯ ದಿನಗಳಲ್ಲಿ ಅವನೊಡನೆ ಮಾತು ಬಿಟ್ಟಿದ್ದೆ. ಅದನ್ನೂ ನಾನು ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದೆ.

ಮೊನ್ನೆ ಶ್ರೇಯಾ ನನ್ನನ್ನು ಬಸ್ಸಿಗೆ ಬಿಡಲು ಬಂದವಳು ಕೇಳಿದಳು: "ಮಾವ, ಅಪ್ಪಂಗೆ ನನ್ನ ಆಣೆ ಅಂದ್ರೆ ಎಂತದೂ ಅಲ್ಲಾಗಿತ್ತು ಅಲ್ದಾ?" ಅಳಲಿಲ್ಲ. ಎಂದೋ ತೀರ್ಮಾನ ಮಾಡಿಕೊಂಡವಳ ಹಾಗೆ ಕೇಳಿದಳು. ಆಗಲೂ — ಆಗಲೂ ನಾನು ಬಸ್ಸು ಬಂತೆಂದು ಹತ್ತಿಬಿಟ್ಟೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಭಾನುವಾರ ಕರ್ಕಿಗೆ ಬಂದು ಇದಿಷ್ಟನ್ನೂ ಶ್ರೇಯಾಳ ಮುಂದೆ ಹೇಳುತ್ತೇನೆ. ಆಮೇಲೆ ನೀನು ಹೊರಗೆ ನಡೆ ಎಂದರೆ ನಡೆಯುತ್ತೇನೆ. ಇದರಿಂದ ಏನೂ ಸರಿಹೋಗುವುದಿಲ್ಲ, ಗೊತ್ತು. ನೀನು ಅವನೊಡನೆ ಆಡದೆ ಬಿಟ್ಟ ಮಾತು ಇನ್ನು ನಿನ್ನಲ್ಲೇ ಉಳಿಯುತ್ತದೆ, ಕೇಳಿಸಿಕೊಳ್ಳಲು ಅವನಿಲ್ಲ. ಅದನ್ನೂ ನಿನಗೆ ಕೊಟ್ಟವನು ನಾನೇ.