ಹುಣ್ಣು ಮಾಸಿದ ಮೀನುಗಳ ಸಂಸಾರ

ರಾಜಾಜಿನಗರದ ನಮ್ಮ ಪಕ್ಕದ ಮನೆಯವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೀನು ತಿನ್ನುವವರಲ್ಲ, ಆದರೂ ಕೆಂಗೇರಿಯ ಹತ್ತಿರ ಕೊಳವೊಂದನ್ನು ಗುತ್ತಿಗೆ ಹಿಡಿದು ಗೆಂಡೆ ಮೀನು ಸಾಕುತ್ತಿದ್ದರು. ಒಂದು ವರ್ಷ ಹುಣ್ಣಿನ ರೋಗ ತಗುಲಿ ಮುಕ್ಕಾಲು ಪಾಲು ಮೀನು ಸತ್ತವು. ಬೇರೆ ಮೀನು ತನ್ನಿ ಎಂದರು ಎಲ್ಲರೂ. ಇವರು ಪಂಚೆ ಎತ್ತಿಕಟ್ಟಿ ನೀರಿಗಿಳಿದು, ಹುಣ್ಣಾಗಿ ಮಾಸಿದ ಮೀನುಗಳನ್ನೇ ಆರಿಸಿ ಮರಿ ಮಾಡಿಸಲು ಇಟ್ಟುಕೊಂಡರು. ಯಾರು ಕೇಳಿದರೂ ಒಂದೇ ಮಾತು: “ಕಾಯಿಲೆ ಗೆದ್ದ ಮನೆಯಿಂದ್ಲೇ ಸಂಬಂಧ ತರ್ಬೇಕು ಕಣಯ್ಯಾ.”

ಈ ಮರಿಗಳೂ ಸತ್ತರೆ ಕೊಳ ಬಿಟ್ಟುಬಿಡಬೇಕೆಂದು ಅವರ ಹೆಂಡತಿ ಮಾತು ತೆಗೆದುಕೊಂಡಿದ್ದರು.

ಮರುವರ್ಷ ರೋಗ ಮತ್ತೆ ಬಂತು. ನಾನೂ ಜೊತೆಗೆ ಹೋಗಿದ್ದೆ. ಬಲೆ ಎತ್ತಿದಾಗ ಮರಿಗಳು ಪಟಪಟನೆ ಕುಣಿದವು. ಹುಣ್ಣಿದ್ದದ್ದು ಎಲ್ಲೋ ಒಂದೆರಡಕ್ಕೆ. ಮೇಷ್ಟ್ರು ನಕ್ಕರು ಎಂದೇ ನನ್ನ ನೆನಪು. ಅತ್ತಿರಲೂಬಹುದು, ಮುಖವೆಲ್ಲ ಕೊಳದ ನೀರಿತ್ತು.

ಸಂಜೆ, ಮಗು ಹುಟ್ಟಿದ ಮನೆಯವರಂತೆ ಬೀದಿಗೆಲ್ಲ ಸಕ್ಕರೆ ಹಂಚಲು ಹೊರಟರು.

“ಮಗ ಹುಟ್ಟಿದಾಗ ಸಕ್ಕರೆ ತರೋದೇ ಮರ್ತಿದ್ರು ಇವ್ರು,” ಎಂದು ಅವರ ಹೆಂಡತಿ ನಮ್ಮಮ್ಮನಿಗೆ ಹೇಳಿ, ತಟ್ಟೆಯನ್ನು ಗಂಡನ ಕೈಯಿಂದ ತೆಗೆದುಕೊಂಡು ತಾವೇ ಮುಂದಿನ ಮನೆಗೆ ನಡೆದರು.